ಬಣ್ಣ ಕೊನೆಗೆ ಬರಲಿ: ಹಳೆಯ ಕಬ್ಬಿಣದ ಕೆಲಸಗಳ ಜೀರ್ಣೋದ್ಧಾರದ ಬಗ್ಗೆ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಉದ್ಯಾನದ ಕಟಾಂಜನ, ಹಳೆಯ ಸೇತುವೆಯ ಕಮಾನು, ವಾದ್ಯಮಂಟಪದ ಕಂಬಗಳು, ದೀಪಸ್ತಂಭ, ಮಹಾದ್ವಾರದ ಗೇಟು ಮುಂತಾದ ನೂರು, ನೂರೈವತ್ತು ವರ್ಷಗಳ ಹಿಂದಿನ ಕಬ್ಬಿಣದ ಕೆಲಸಗಳಿಗೆ ಕಾಯಕಲ್ಪ ನೀಡಲಾಗುವುದು ಎಂಬ ಪ್ರಕಟಣೆ ಕಂಡಾಗ ಸಂತೋಷಪಡಬೇಕೋ ಆತಂಕಪಡಬೇಕೋ ತಿಳಿಯುವುದಿಲ್ಲ. ಏಕೆಂದರೆ ಅಂಥ ಕಾಯಕಲ್ಪ ಬಹುಪಾಲು ಒಂದೇ ದಾರಿ ಹಿಡಿಯುತ್ತದೆ. ಗ್ರೈಂಡರ್ ಹಿಡಿದು ಮೇಲಿನ ತುಕ್ಕನ್ನು ಉಜ್ಜಿ, ಒಡೆದ ಕಡೆ ವೆಲ್ಡಿಂಗ್ ಮಾಡಿ, ತೂತುಗಳಿಗೆ ಪುಟ್ಟಿ ತುಂಬಿ, ಒಂದು ಕೈ ರೆಡ್ ಆಕ್ಸೈಡ್, ಅದರ ಮೇಲೆ ಮಿರುಗುವ ಕಪ್ಪು ಎನಾಮೆಲ್, ತುದಿಗಳಿಗೆ ಚಿನ್ನದ ಬಣ್ಣ ಬಳಿದರೆ ಕೆಲಸ ಮುಗಿಯಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಸಂದುಗಳಿಂದ ಕಂದು ನೀರು ಇಳಿಯತೊಡಗುತ್ತದೆ, ಬಣ್ಣದ ಗುಣಮಟ್ಟ ಸರಿಯಿರಲಿಲ್ಲ ಎಂಬ ದೂರು ಏಳುತ್ತದೆ. ಬಣ್ಣದ ತಪ್ಪು ಅದರಲ್ಲಿ ಅಲ್ಪ. ಆ ಕಬ್ಬಿಣ ಯಾವ ಬಗೆಯದು, ಅದರಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂಬೆರಡು ಪ್ರಶ್ನೆಗಳನ್ನು ಯಾರೂ ಕೇಳದೆ ಕೆಲಸ ಆರಂಭಿಸಿದ್ದೇ ಮೂಲ ದೋಷ. ಕೆಲಸವನ್ನು ಚದರ ಮೀಟರ್ ಲೆಕ್ಕದಲ್ಲಿ ಬಣ್ಣದ ಗುತ್ತಿಗೆಯಾಗಿ ಕೊಡುವವರೆಗೆ ಆ ಪ್ರಶ್ನೆಗಳನ್ನು ಕೇಳುವ ಅಗತ್ಯ ಯಾರಿಗೂ ಬೀಳುವುದಿಲ್ಲ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರ ಗಮನಕ್ಕೆ ತರಲು ಈ ಪತ್ರ.

ಹಳೆಯ ಕಬ್ಬಿಣವೆಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದು ವಾಸ್ತವದಲ್ಲಿ ಸ್ವಭಾವದಲ್ಲಿ ಒಂದಕ್ಕೊಂದು ಹೊಂದದ ಲೋಹಗಳು. ಬೀಡುಕಬ್ಬಿಣದಲ್ಲಿ ಸಾಮಾನ್ಯವಾಗಿ ಶೇ 2ರಿಂದ 4ರಷ್ಟು ಇಂಗಾಲವಿರುತ್ತದೆ. ಅದನ್ನು ಕರಗಿಸಿ ಮರಳಿನ ಅಚ್ಚಿಗೆ ಎರೆಯಲಾಗುತ್ತದೆ. ಭಾರ ಹೊರುವುದರಲ್ಲಿ ಅದು ಗಟ್ಟಿ, ಆದರೆ ಎಳೆತಕ್ಕೂ ಪೆಟ್ಟಿಗೂ ಬಾಗದೆ ಒಡೆಯುತ್ತದೆ. ಮೆದುಕಬ್ಬಿಣದಲ್ಲಿ ಇಂಗಾಲ ಇಲ್ಲವೆನ್ನುವಷ್ಟು ಕಡಿಮೆ. ಕಮ್ಮಾರನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಬಾಗಿಸಿ ರೂಪ ಕೊಡುವುದು ಇದಕ್ಕೆ. ಇದರೊಳಗೆ ಕಿಟ್ಟದ (ಅದಿರು ಕರಗಿಸುವಾಗ ಉಳಿಯುವ ಕಲ್ಮಷದ) ಸಣ್ಣ ಎಳೆಗಳು ಉದ್ದಕ್ಕೂ ಹರಡಿರುವುದರಿಂದ ಮುರಿದ ಜಾಗದಲ್ಲಿ ಸೀಳಿದ ಸೌದೆಯ ಹಾಗೆ ನಾರುನಾರಾಗಿ ಕಾಣುತ್ತದೆ, ಬೀಡುಕಬ್ಬಿಣದ ಮುರಿತವಾದರೋ ಬೂದುಬಣ್ಣದ ಹರಳುಹರಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇವೆರಡರ ಜಾಗಕ್ಕೆ ಉಕ್ಕು ಬಂದಿತು. ಮುರಿಯದೆಯೂ ಗುರುತಿಸಬಹುದು. ಅಚ್ಚಿನ ಎರಡು ಭಾಗಗಳು ಕೂಡಿದ ಸಣ್ಣ ಏರುಗೆರೆ ಪಕ್ಕದಲ್ಲಿ ಉಳಿದಿದ್ದರೆ, ಒಂದೇ ಹೂವು ಮತ್ತೆ ಮತ್ತೆ ಕೂದಲೆಳೆ ವ್ಯತ್ಯಾಸವಿಲ್ಲದೆ ಬಂದಿದ್ದರೆ, ಅದು ಎರಕ. ಸುರುಳಿಯ ತುದಿ ಒಂದೊಂದರಲ್ಲಿ ಒಂದೊಂದು ತೆರನಾಗಿದ್ದು, ಸರಳುಗಳನ್ನು ಪಟ್ಟಿಕಟ್ಟಿ ಅಥವಾ ರಿವೆಟ್ ಹೊಡೆದು ಕೂಡಿಸಿದ್ದರೆ ಕಮ್ಮಾರನ ಕೈ ಕಾಣುತ್ತದೆ. ಒಂದೇ ಗೇಟಿನಲ್ಲಿ ಸರಳುಗಳು ಮೆದುಕಬ್ಬಿಣದವು, ಅವುಗಳ ನೆತ್ತಿಯ ಈಟಿಮೊನೆಗಳು ಎರಕದವು ಆಗಿರುವುದು ತೀರ ಸಾಮಾನ್ಯ. ಅಂದಾಜುಪಟ್ಟಿಯಲ್ಲಿ ಮಾತ್ರ ಎಲ್ಲವೂ ‘ಕಬ್ಬಿಣದ ಗ್ರಿಲ್’.

ಈ ಭೇದ ತಿಳಿಯದೆ ಕೈಹಾಕಿದರೆ ಆಗುವ ಮೊದಲ ಹಾನಿ ವೆಲ್ಡಿಂಗಿನದು. ಬಿರುಕುಬಿಟ್ಟ ಬೀಡುಕಬ್ಬಿಣದ ಕಂಬಕ್ಕೆ ಮಾಮೂಲಿ ರಾಡ್ ಹಿಡಿದು ವೆಲ್ಡ್ ಮಾಡಿದರೆ, ಒಂದೇ ಕಡೆ ಬಿದ್ದ ಶಾಖದಿಂದ ಲೋಹ ಹಿಗ್ಗಿ, ಬೇಗ ತಣಿದು, ಬೆಸುಗೆಯ ಅಂಚಿನಲ್ಲಿ ಗಾಜಿಗಿಂತ ಹೆಚ್ಚೇನೂ ತಾಳದ ಗಡಸು ಪದರ ಹುಟ್ಟುತ್ತದೆ, ಮತ್ತು ಹೊಸ ಬಿರುಕು ಅದರ ಪಕ್ಕದಲ್ಲೇ ಓಡುತ್ತದೆ. ಇಡೀ ಭಾಗವನ್ನು ಮೊದಲೇ ಚೆನ್ನಾಗಿ ಕಾಯಿಸಿ, ನಿಕ್ಕಲ್ ರಾಡ್ ಬಳಸಿ, ಬಹಳ ನಿಧಾನವಾಗಿ ತಣಿಸಿದರೆ ಬೆಸೆಯಲು ಸಾಧ್ಯ. ಆದರೆ ನೆಲದಲ್ಲಿ ನೆಟ್ಟ, ಮೇಲೆ ಚಾವಣಿ ಹೊತ್ತ ಕಂಬವನ್ನು ಹಾಗೆ ಕಾಯಿಸುವುದು ಎಲ್ಲಿಂದ ಬಂತು? ಇದಕ್ಕೆ ಬೆಂಕಿಯಿಲ್ಲದ ದಾರಿ ಇದೆ. ಬಿರುಕಿನ ಉದ್ದಕ್ಕೂ ಒಂದರ ಪಕ್ಕ ಒಂದು ರಂಧ್ರ ಕೊರೆದು, ಅವುಗಳೊಳಗೆ ತಿರುಪಿನ ಸುರುಳಿಗೆರೆ ಮಾಡಿ, ಒಂದರ ಅಂಚು ಇನ್ನೊಂದನ್ನು ಕಚ್ಚುವಂತೆ ತಿರುಪುಮೊಳೆಗಳನ್ನು ಕೂಡಿಸುತ್ತ ಹೋಗುತ್ತಾರೆ. ನಡುನಡುವೆ ಬಿರುಕಿಗೆ ಅಡ್ಡವಾಗಿ ಕೀಲಿಯಂಥ ಲೋಹದ ತುಂಡುಗಳನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಮೇಲ್ಮೈಯನ್ನು ಉಜ್ಜಿ ಸಮಮಾಡಿದರೆ ಹೊಲಿಗೆ ಎಲ್ಲಿತ್ತೆಂದು ಹುಡುಕಬೇಕಾಗುತ್ತದೆ. ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದ ಗುಮ್ಮಟವು 1855ರಿಂದ 1866ರ ನಡುವೆ ಕಟ್ಟಿದ, ಸುಮಾರು 4,000 ಟನ್ ಬೀಡುಕಬ್ಬಿಣದ ರಚನೆ. 2014ರಿಂದ 2016ರವರೆಗೆ ನಡೆದ ದುರಸ್ತಿಯಲ್ಲಿ ಅದರ 1,300ಕ್ಕೂ ಹೆಚ್ಚು ಬಿರುಕುಗಳನ್ನು ಎದುರಿಸಲು ಅಲ್ಲಿನವರು ಆಶ್ರಯಿಸಿದ್ದು ಈ ಲೋಹದ ಹೊಲಿಗೆಯನ್ನೇ. ಅಷ್ಟು ದೊಡ್ಡ ಕೆಲಸಕ್ಕೆ ಒಗ್ಗಿದ ವಿಧಾನ ಒಂದು ಉದ್ಯಾನದ ಹತ್ತಾರು ಕಂಬಗಳಿಗೆ ಒಗ್ಗದು ಎನ್ನಲು ಕಾರಣವಿಲ್ಲ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿಯಾದ ಎರಕ ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದಲ್ಲಿ ಸದ್ದು ಮಂಕಾಗುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನಾದರೂ ಬಣ್ಣದ ಡಬ್ಬಿ ತೆರೆಯುವ ಮೊದಲು ಮಾಡಬಹುದಲ್ಲವೇ?

ಇನ್ನು ಪುಟ್ಟಿಯ ಮಾತು. ಎರಕದ ದೋಷವನ್ನು ಮುಚ್ಚಿಹಾಕುವ ಚಾಳಿ ಹೊಸದಲ್ಲ. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸ್ಕಾಟ್ಲೆಂಡಿನ ಟೇ ನದಿಯ ರೈಲ್ವೆ ಸೇತುವೆಯ ನಡುಭಾಗ ರೈಲಿನ ಸಮೇತ ಕುಸಿದ ನಂತರ ನಡೆದ ವಿಚಾರಣೆಯಲ್ಲಿ, ಬೀಡುಕಬ್ಬಿಣದ ಕಂಬಗಳ ಎರಕದಲ್ಲಿ ಉಳಿದಿದ್ದ ಗಾಳಿಗುಳ್ಳೆಗಳಿಗೆ ಜೇನುಮೇಣ, ರಾಳ, ಕಬ್ಬಿಣದ ಪುಡಿ ಮತ್ತು ದೀಪದ ಮಸಿ ಕಲಸಿದ ಅಂಟನ್ನು ತುಂಬಿ ನಯಗೊಳಿಸುತ್ತಿದ್ದ ಸಂಗತಿ ಹೊರಬಿತ್ತು. ನೋಡಿದವರ ಕಣ್ಣಿಗೆ ಅದು ಲೋಹವೇ. ಇಂದು ಜೇನುಮೇಣದ ಬದಲು ಎಪಾಕ್ಸಿ ಬಂದಿದೆ, ವ್ಯತ್ಯಾಸ ಅಷ್ಟೆ. ಭಾರ ಹೊರದ ಒಂದು ಹೂಬಳ್ಳಿಯ ಕುಳಿಯಲ್ಲಿ ನೀರು ನಿಲ್ಲದಿರಲೆಂದು ತುಂಬುವುದಕ್ಕೆ ಆಕ್ಷೇಪವಿಲ್ಲ, ಕೆಲವೊಮ್ಮೆ ಅದೇ ಸರಿಯಾದ ಕ್ರಮ. ಆದರೆ ಜನ ಒರಗಿ ನಿಲ್ಲುವ, ಮಕ್ಕಳು ಹತ್ತುವ ಕಟಾಂಜನದ ಬುಡ ಮುಕ್ಕಾಲು ಭಾಗ ತಿಂದುಹೋಗಿರುವಾಗ ಅದಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿಯುವುದನ್ನು ಜೀರ್ಣೋದ್ಧಾರ ಎಂದು ಕರೆಯಲು ಸಾಧ್ಯವಿಲ್ಲ.

ಕಟಾಂಜನದ ಬುಡ ಎಂದೆ. ಹಳೆಯ ಕಬ್ಬಿಣದ ನಿಜವಾದ ಕಥೆ ಇರುವುದೇ ಅಲ್ಲಿ. ಕಲ್ಲಿನ ಪಟ್ಟಿಕೆಯಲ್ಲಿ ಗುಳಿ ತೋಡಿ, ಸರಳನ್ನು ಇಳಿಸಿ, ಸುತ್ತ ಕರಗಿದ ಸೀಸ ಹೊಯ್ದು ಭದ್ರಪಡಿಸುವುದು ಹಿಂದಿನವರ ಪದ್ಧತಿ. ವರ್ಷಗಳು ಕಳೆದಂತೆ ಸೀಸ ಕೊಂಚ ತಗ್ಗಿ, ಸರಳಿನ ಸುತ್ತ ಬೆರಳಗಲದ ಬಟ್ಟಲಾಗುತ್ತದೆ. ಮಳೆ ನಿಂತ ಮೇಲೂ ಅದರಲ್ಲಿ ನೀರು ಉಳಿಯುತ್ತದೆ, ಧೂಳು ಮತ್ತು ತರಗೆಲೆ ಸೇರಿ ತೇವವನ್ನು ಹಿಡಿದಿಡುತ್ತವೆ. ಮೇಲೆ ಆಳೆತ್ತರದ ಸರಳು ಹೊಸದರಂತಿದ್ದರೂ ಬುಡದ ಆ ಒಂದಂಗುಲದಲ್ಲಿ ಅದು ಪೆನ್ಸಿಲ್ಲಿನಷ್ಟು ಸಪೂರವಾಗಿರುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಗುಳಿಯೊಳಗೆ ಹಿಗ್ಗಿ ಕಲ್ಲನ್ನೇ ಸೀಳುತ್ತದೆ. ಬುಡ ಕೊಳೆತಿದೆ ಎಂದು ಸುತ್ತ ಸಿಮೆಂಟು ಗುಪ್ಪೆ ಹಾಕುವುದು ಇದಕ್ಕೆ ಮಾಡುವ ಅತಿ ಕೆಟ್ಟ ಚಿಕಿತ್ಸೆ. ಸಿಮೆಂಟು ಒಣಗಿ ಸಣ್ಣ ಸಂದು ಬಿಡುತ್ತದೆ, ಆ ಸಂದಿನಲ್ಲಿ ನೀರು ಇಳಿಯುತ್ತದೆ, ಇಳಿದದ್ದು ಒಣಗುವುದಿಲ್ಲ, ಒಳಗೆ ನಡೆಯುವುದು ಹೊರಗೆ ಕಾಣುವುದೂ ಇಲ್ಲ. ಬುಡವನ್ನು ಬಿಡಿಸಿ, ಸವೆದ ಭಾಗವನ್ನು ಕತ್ತರಿಸಿ ಹೊಸ ತುಂಡು ಕೂಡಿಸಿ, ನೀರು ಹೊರಗೆ ಜಾರುವಂತೆ ಸುತ್ತ ಇಳಿಜಾರು ಕೊಟ್ಟು ಮುಚ್ಚುವುದು ನಿಧಾನದ ಕೆಲಸ. ಅದನ್ನು ಚದರ ಮೀಟರಿನಲ್ಲಿ ಅಳೆಯಲು ಬರುವುದಿಲ್ಲ.

ಟೊಳ್ಳು ಕಂಬಗಳದ್ದು ಇನ್ನೊಂದು ಬಗೆ. ಹತ್ತೊಂಬತ್ತನೆಯ ಶತಮಾನದ ಮಂಟಪ ಮತ್ತು ಗಾಜಿನ ಮನೆಗಳಲ್ಲಿ ಚಾವಣಿಯ ಮಳೆನೀರು ಕಂಬದ ಒಳಗಿನಿಂದಲೇ ನೆಲಕ್ಕಿಳಿಯುವ ಏರ್ಪಾಡು ಇರುತ್ತಿತ್ತು. ನೋಡಲು ಅಚ್ಚುಕಟ್ಟು. ಆದರೆ ಬುಡದ ಕೊಳವೆ ಕಸಕಟ್ಟಿ ಮುಚ್ಚಿಕೊಂಡಾಗ, ಅಥವಾ ಸುತ್ತಲಿನ ನೆಲಕ್ಕೆ ಹೊಸ ಹಾಸುಗಲ್ಲು ಹಾಕುವವರು ಅದನ್ನು ತಿಳಿಯದೆ ಮುಚ್ಚಿದಾಗ, ಕಂಬವೇ ನೀರಿನ ತೊಟ್ಟಿಯಾಗಿ ಒಳಗಿನಿಂದ ಕೊರೆಯುತ್ತದೆ. ಹೊರಗೆ ಎಷ್ಟು ಕೈ ಬಣ್ಣ ಬಳಿದರೂ ಅದಕ್ಕೆ ತಾಗುವುದಿಲ್ಲ. ಇಂಥ ಕಡೆ ಜೀರ್ಣೋದ್ಧಾರದ ಮೊದಲ ಕೆಲಸಗಾರ ಪೇಂಟರ್ ಅಲ್ಲ, ಕೊಳವೆ ಬಿಡಿಸುವವನು.

ಕಬ್ಬಿಣ ಬೇರೆ ವಸ್ತುವಿನೊಡನೆ ಕೂಡುವಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಎರಡು ಹೆಸರಾಂತ ನಿದರ್ಶನಗಳಿವೆ. ಅಥೆನ್ಸಿನ ಪಾರ್ಥೆನಾನ್ ದೇಗುಲವನ್ನು ಕಟ್ಟಿದ ಪ್ರಾಚೀನರು ಅಮೃತಶಿಲೆಯ ತುಂಡುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಂಧಿಸಿ, ಗಾಳಿ ನೀರು ಸೋಕದಂತೆ ಆ ಕೊಂಡಿಗಳ ಸುತ್ತ ಸೀಸ ಹೊಯ್ದಿದ್ದರು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಎಂಜಿನಿಯರ್ ನಿಕೊಲಾಸ್ ಬಲಾನೋಸ್ ಅವರ ನೇತೃತ್ವದಲ್ಲಿ ನಡೆದ ಜೀರ್ಣೋದ್ಧಾರದಲ್ಲಿ ಕಬ್ಬಿಣವನ್ನು ಧಾರಾಳವಾಗಿ ಬಳಸಲಾಯಿತು, ಆದರೆ ಸೀಸದ ಆ ಕವಚವಿಲ್ಲದೆ. ಹಿಗ್ಗಿದ ತುಕ್ಕು ಎರಡು ಸಾವಿರ ವರ್ಷ ಬಾಳಿದ ಕಲ್ಲನ್ನು ಕೆಲವೇ ದಶಕಗಳಲ್ಲಿ ಒಡೆಯಿತು. ಆನಂತರದ ತಲೆಮಾರು ಆ ಕೊಂಡಿಗಳನ್ನೆಲ್ಲ ಬಿಡಿಸಿ ಟೈಟಾನಿಯಂ ಕೂಡಿಸಬೇಕಾಗಿ ಬಂತು, ಆ ಕೆಲಸಕ್ಕೆ ತಗಲಿದ ಕಾಲವೂ ದಶಕಗಳೇ. ಇನ್ನೊಂದು, 1886ರಲ್ಲಿ ಅನಾವರಣಗೊಂಡ ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ. ಅದರ ತಾಮ್ರದ ಹೊದಿಕೆಯನ್ನು ಹಿಡಿದಿದ್ದುದು ಒಳಗಿನ ಕಬ್ಬಿಣದ ಪಟ್ಟಿಗಳು. ಎರಡು ಲೋಹಗಳ ನಡುವೆ ಇಟ್ಟಿದ್ದ ತಡೆಪದರ ಹಾಳಾಗಿ, ತೇವದಲ್ಲಿ ತಾಮ್ರಕ್ಕೆ ತಾಗಿದ ಕಬ್ಬಿಣ ವೇಗವಾಗಿ ಕರಗಿತು. 1984ರಿಂದ 1986ರವರೆಗಿನ ದುರಸ್ತಿಯಲ್ಲಿ ಸಾವಿರಕ್ಕೂ ಹೆಚ್ಚು ಪಟ್ಟಿಗಳನ್ನು ಸ್ವಲ್ಪಸ್ವಲ್ಪವೇ ಬಿಚ್ಚಿ, ಅದೇ ಆಕಾರಕ್ಕೆ ಬಾಗಿಸಿದ ತುಕ್ಕುನಿರೋಧಕ ಉಕ್ಕಿನ ಪಟ್ಟಿಗಳನ್ನು ಹಾಕಿ, ನಡುವೆ ಟೆಫ್ಲಾನ್ ಪಟ್ಟಿ ಇಡಲಾಯಿತು. ಹಳೆಯ ಕಬ್ಬಿಣದ ಗೇಟಿಗೆ ಹಿತ್ತಾಳೆಯ ಫಲಕವನ್ನೋ ಸ್ಟೇನ್‌ಲೆಸ್ ಬೋಲ್ಟನ್ನೋ ನೇರವಾಗಿ ಬಿಗಿಯುವವರಿಗೂ ಇದೇ ಪಾಠ ಅನ್ವಯಿಸುತ್ತದೆ.

ಈ ಚರ್ಚೆ ಬಂದಾಗಲೆಲ್ಲ ಯಾರಾದರೊಬ್ಬರು ದೆಹಲಿಯ ಕಬ್ಬಿಣದ ಕಂಬವನ್ನು ತರುತ್ತಾರೆ: ಹದಿನೈದು ಶತಮಾನ ಮಳೆಯಲ್ಲಿ ನಿಂತೂ ತುಕ್ಕು ಹಿಡಿದಿಲ್ಲ, ಹಿಂದಿನವರ ಕಬ್ಬಿಣಕ್ಕೆ ಆರೈಕೆ ಏಕೆ, ಎಂದು. ಆ ಕಂಬದ ಲೋಹದಲ್ಲಿ ರಂಜಕದ ಅಂಶ ಹೆಚ್ಚಿದ್ದು, ಮೇಲ್ಮೈಯಲ್ಲಿ ರಕ್ಷಕ ಪದರವೊಂದು ಕಟ್ಟಿಕೊಂಡಿರುವುದನ್ನು ಕಾನ್ಪುರದ ಐಐಟಿಯ ಆರ್. ಬಾಲಸುಬ್ರಹ್ಮಣ್ಯಂ ಅವರು ತಮ್ಮ ಅಧ್ಯಯನಗಳಲ್ಲಿ ವಿವರಿಸಿದ್ದಾರೆ. ಅದು ಆ ಕಾಲದ ಕುಲುಮೆಯ ವಿಶೇಷ. ಕಲ್ಲಿದ್ದಲಿನ ಯುಗದಲ್ಲಿ ಕಾರ್ಖಾನೆಯಿಂದ ಬಂದ ಎರಕಕ್ಕೂ ಸರಳಿಗೂ ಆ ಭಾಗ್ಯವಿಲ್ಲ.

ಹಳೆಯ ಬಣ್ಣವನ್ನು ತೆಗೆಯುವ ವಿಚಾರದಲ್ಲಿ ಆಗುವ ಅನಾಹುತ ಇನ್ನೂ ಗಂಭೀರ, ಏಕೆಂದರೆ ಅದು ಕಬ್ಬಿಣಕ್ಕೆ ಮಾತ್ರ ಸೀಮಿತವಲ್ಲ. ಹಿಂದಿನ ಪ್ರೈಮರುಗಳಲ್ಲಿ ಸೀಸದ ಸಿಂಧೂರ ಮುಖ್ಯ ಪದಾರ್ಥವಾಗಿತ್ತು, ತುಕ್ಕು ತಡೆಯುವುದರಲ್ಲಿ ಅದು ಸಮರ್ಥವೂ ಆಗಿತ್ತು. ಅದನ್ನು ಗ್ರೈಂಡರಿನಿಂದ ಒಣಗೆ ಉಜ್ಜಿದರೆ ಏಳುವ ಧೂಳು ಕೆಲಸಗಾರರ ಶ್ವಾಸಕ್ಕೂ, ಸುತ್ತಲಿನ ಮಣ್ಣಿಗೂ, ಆ ಮಣ್ಣಿನಲ್ಲಿ ಆಡುವ ಮಕ್ಕಳ ಕೈಬಾಯಿಗೂ ಹೋಗುತ್ತದೆ. ಸೀಸಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದು ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1889ರ ಐಫೆಲ್ ಗೋಪುರ ಮೆದುಕಬ್ಬಿಣದ್ದು. ಸುಮಾರು 7 ವರ್ಷಕ್ಕೊಮ್ಮೆ, ಪ್ರತಿ ಸಲ ಸುಮಾರು 60 ಟನ್ ಬಣ್ಣ ಹೀರುವ ಅದರ ಇಪ್ಪತ್ತನೆಯ ಸುತ್ತಿನ ಕೆಲಸವನ್ನೇ, ಹಳೆಯ ಪದರಗಳ ಸೀಸದ ಧೂಳಿನ ಕಾರಣಕ್ಕೆ 2021ರಲ್ಲಿ ನಿಲ್ಲಿಸಬೇಕಾಯಿತು. ನಮ್ಮ ಪುಟ್ಟ ಕಾಮಗಾರಿಗಳಲ್ಲಿ ಬಣ್ಣದ ಚೂರನ್ನು ಪರೀಕ್ಷೆಗೆ ಕಳಿಸಬೇಕೆಂಬ ಒಂದು ಸಾಲೂ ಇರುವುದಿಲ್ಲ. ಸ್ಯಾಂಡ್‌ಬ್ಲಾಸ್ಟಿಂಗ್ (ಗಾಳಿಯ ಒತ್ತಡದಿಂದ ಮರಳು ಎರಚಿ ಉಜ್ಜುವುದು) ಮಾಡಿಸಿಬಿಟ್ಟರೆ ಆಯಿತು ಎಂಬ ಉತ್ತರವೂ ಸಮಾಧಾನಕರವಲ್ಲ. ಸಿಲಿಕಾ ಮರಳಿನ ಧೂಳು ಶ್ವಾಸಕೋಶಕ್ಕೆ ಮಾರಕ. ಜೊತೆಗೆ ಅತಿ ಒತ್ತಡದ ಮರಳು ಎಲೆಯ ನರ, ದಳದ ಅಂಚು, ಎರಕದವರ ಹೆಸರಿನ ಉಬ್ಬಕ್ಷರಗಳನ್ನು ಸವೆಸಿಬಿಡುತ್ತದೆ. ಒತ್ತಡವನ್ನು ತಗ್ಗಿಸಿ, ಮೃದುವಾದ ಪುಡಿ ಬಳಸಿ, ಮರೆಕಟ್ಟಿ ಮಾಡುವ ವಿಧಾನ ಉಂಟು. ಅನೇಕ ಕಡೆ ಕೈಬ್ರಷ್ಷೇ ಸಾಕು. ಚೆನ್ನಾಗಿ ಅಂಟಿಕೊಂಡಿರುವ ಹಳೆಯ ಬಣ್ಣವನ್ನು ತೆಗೆಯಲೇಬೇಕೆಂಬ ನಿಯಮವಂತೂ ಇಲ್ಲ.

ಆ ಹಳೆಯ ಪದರಗಳು ದಾಖಲೆಯೂ ಹೌದು. ಸಣ್ಣ ಚೂರೊಂದನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊದಲ ದಿನದಿಂದ ಇಂದಿನವರೆಗಿನ ಬಣ್ಣಗಳು ಸಾಲಾಗಿ ಕಾಣುತ್ತವೆ. ಇಂಗ್ಲೆಂಡಿನ ಸೆವರ್ನ್ ನದಿಯ ಮೇಲೆ 1779ರಲ್ಲಿ ನಿಲ್ಲಿಸಿದ ಐರನ್ ಬ್ರಿಡ್ಜ್ ದಶಕಗಳ ಕಾಲ ಬೂದುನೀಲಿಯಾಗಿತ್ತು. 2017-18ರ ಸಂರಕ್ಷಣೆಯ ಸಮಯದಲ್ಲಿ ಹೀಗೆ ಪರೀಕ್ಷಿಸಿದಾಗ ಅದರ ಮೂಲ ಬಣ್ಣ ಗಾಢ ಕೆಂಗಂದು ಎಂದು ತಿಳಿಯಿತು, ಅದನ್ನೇ ಮತ್ತೆ ಬಳಿಯಲಾಯಿತು. ಕುತೂಹಲದ ಸಂಗತಿಯೆಂದರೆ, ಆ ಸೇತುವೆಯ ಎರಕದ ತುಂಡುಗಳನ್ನು ಬಡಗಿಗಳ ಕೆಲಸದಂತೆ ಕುಳಿ-ಗೂಟ, ಬೆಣೆಗಳಿಂದ ಜೋಡಿಸಿದ್ದಾರೆ. ಹೊಸ ಲೋಹ ಕೈಗೆ ಬಂದಾಗ ಜನರಿಗೆ ಗೊತ್ತಿದ್ದುದು ಮರದ ಕೆಲಸವೇ. ಅಂಥ ಬೆಣೆಯೊಂದು ಸಡಿಲವಾಗಿದೆ ಎಂದು ವೆಲ್ಡಿಂಗ್ ಹೊಡೆಯುವವನಿಗೆ ಆ ಚರಿತ್ರೆಯ ಪುಟ ಹರಿದದ್ದು ತಿಳಿಯುವುದೇ ಇಲ್ಲ. ಹಳೆಯದೆಲ್ಲ ಕಪ್ಪು-ಚಿನ್ನದ ಬಣ್ಣದಲ್ಲೇ ಇತ್ತು ಎಂಬುದು ನಮ್ಮ ಕಾಲದ ಕಲ್ಪನೆ. ಹಸಿರು, ಕಂದು, ಕಲ್ಲಿನ ಬಣ್ಣ ಕೂಡ ಧಾರಾಳವಾಗಿ ಬಳಕೆಯಲ್ಲಿದ್ದವು.

ಕಳೆದುಹೋದ ಭಾಗಗಳನ್ನು ಹೊಸದಾಗಿ ಮಾಡಿಸುವಾಗ ಎಲ್ಲಿ ನಿಲ್ಲಬೇಕು ಎಂಬುದು ಕಷ್ಟದ ಪ್ರಶ್ನೆ. ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬುದು ಸ್ಮಾರಕಗಳ ಸಂರಕ್ಷಣೆ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ 1964ರ ವೆನಿಸ್ ಸನ್ನದಿನ ಆಶಯ. ಸಾಲಿನಲ್ಲಿ ನೂರು ಈಟಿಮೊನೆಗಳಿದ್ದು ನಾಲ್ಕು ಬಿದ್ದುಹೋಗಿದ್ದರೆ ಊಹೆಯ ಮಾತಿಲ್ಲ, ಉಳಿದವುಗಳಿಂದ ಅಚ್ಚು ತೆಗೆದು ಎರಕ ಹೊಯ್ಯಿಸಬಹುದು. ಇಲ್ಲೊಂದು ಸೂಕ್ಷ್ಮವಿದೆ, ಫೌಂಡ್ರಿಯವರಿಗೆ ತಿಳಿದಿರುವಂಥದು: ಎರೆದ ಕಬ್ಬಿಣ ತಣಿಯುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಹಳೆಯ ತುಂಡನ್ನೇ ಪ್ಯಾಟರ್ನ್ (ಮರಳಿನಲ್ಲಿ ಒತ್ತಿ ಅಚ್ಚು ತೆಗೆಯುವ ಮಾದರಿ) ಮಾಡಿಕೊಂಡರೆ ಒಂದು ಮೀಟರಿನ ಫಲಕ ಒಂದು ಸೆಂಟಿಮೀಟರ್ ಗಿಡ್ಡವಾಗಿ ಬಂದು, ಬೋಲ್ಟಿನ ರಂಧ್ರಗಳು ಕೂಡುವುದಿಲ್ಲ. ಆಗ ನಡೆಯುವುದು ಹೊಸದನ್ನು ಸರಿಪಡಿಸುವ ಕೆಲಸವಲ್ಲ, ಹಳೆಯದನ್ನು ಕೊರೆದು ಹಿಗ್ಗಿಸುವ ಕೆಲಸ. ಕುಗ್ಗುವ ಆ ಪಾಲಿನಷ್ಟು ದೊಡ್ಡದಾದ ಪ್ಯಾಟರ್ನನ್ನು ಮೊದಲೇ ಮಾಡಿಸಬೇಕು, ಹೊಸ ತುಂಡಿನ ಹಿಂಬದಿಯಲ್ಲಿ ಎರೆದ ವರ್ಷವನ್ನು ಕೆತ್ತಿಸಬೇಕು. ಎಲ್ಲವನ್ನೂ ಮೂಲ ಲೋಹದಲ್ಲೇ ಮಾಡಬೇಕೆಂಬ ಹಟವೂ ನನಗಿಲ್ಲ. 1844ರಿಂದ 1848ರ ನಡುವೆ ಕಟ್ಟಿದ, ಲಂಡನ್ನಿನ ಕ್ಯೂ ಉದ್ಯಾನದ ತಾಳೆಮನೆಯೊಳಗೆ (ತಾಳೆಗಿಡಗಳ ಗಾಜಿನ ಮನೆಯೊಳಗೆ) ಸದಾ ಹಬೆ. 1984-88ರ ದುರಸ್ತಿಯಲ್ಲಿ ಅದರ ಗಾಜು ಹಿಡಿಯುವ ಸಣ್ಣ ಪಟ್ಟಿಗಳನ್ನು ತುಕ್ಕುನಿರೋಧಕ ಉಕ್ಕಿನಲ್ಲಿ ಮಾಡಿಸಿದರು, ದೊಡ್ಡ ಕಮಾನುಗಳನ್ನು ಉಳಿಸಿಕೊಂಡರು. ಆ ವಾತಾವರಣಕ್ಕೆ ಅದು ಒಪ್ಪುವ ತೀರ್ಮಾನ ಎಂದೇ ನನ್ನ ಅಭಿಪ್ರಾಯ. ಒಪ್ಪಲಾಗದ್ದು, ದುರಸ್ತಿಯಾಗಬಲ್ಲ ಇಡೀ ಕಟಾಂಜನವನ್ನು ಗುಜರಿಗೆ ತೂಗಿ, ಅದೇ ಮಾದರಿಯದೆಂದು ಟೊಳ್ಳು ಕೊಳವೆಯ ಬೇಲಿ ನಿಲ್ಲಿಸಿ, ಅದಕ್ಕೆ ಪಾರಂಪರಿಕ ಎಂಬ ಫಲಕ ತೂಗುಹಾಕುವುದು.

ಆದ್ದರಿಂದ ಇಂಥ ಸ್ಥಳಗಳ ಹೊಣೆ ಹೊತ್ತವರಲ್ಲಿ ನನ್ನ ಕೋರಿಕೆ ಇಷ್ಟು. ಸಮೀಕ್ಷೆಯನ್ನು ಬಣ್ಣದ ಗುತ್ತಿಗೆಯಿಂದ ಬೇರ್ಪಡಿಸಿ, ಬೇರೆಯವರಿಂದ, ಮೊದಲೇ ಮಾಡಿಸಿ. ಪ್ರತಿ ತುಂಡಿಗೆ ಸಂಖ್ಯೆ ಕೊಟ್ಟು, ಅದು ಎರಕವೋ ಕಮ್ಮಾರಿಕೆಯೋ, ಬಿರುಕು ಎಲ್ಲಿ, ನೀರು ಎಲ್ಲಿ ನಿಲ್ಲುತ್ತದೆ ಎಂದು ಬರೆದ ನಕ್ಷೆ ಕೈಯಲ್ಲಿಲ್ಲದೆ ಟೆಂಡರ್ ಕರೆಯಬೇಡಿ. ಬಿಚ್ಚಿದ ಪ್ರತಿಯೊಂದನ್ನೂ ಆ ಸಂಖ್ಯೆಯ ಲೆಕ್ಕಕ್ಕೆ ಒಪ್ಪಿಸಿಕೊಳ್ಳಿ. ಬಿಚ್ಚಿ ಒಯ್ದ ಅಲಂಕಾರಗಳು ಹಿಂತಿರುಗದಿರುವುದು ಎಲ್ಲೆಡೆಯ ದೂರು. ಬಣ್ಣ ಬಳಿಯುವ ದಿನದ ತೇವಾಂಶವನ್ನು ಬರೆದಿಡಲು ಷರತ್ತು ಹಾಕಿ: ಗಾಳಿಯ ತೇವಾಂಶ ಶೇ 85 ಮೀರಿದಾಗ, ಅಥವಾ ಕಬ್ಬಿಣದ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿಯಷ್ಟಾದರೂ ಬೆಚ್ಚಗಿಲ್ಲದಾಗ ಬಳಿದ ಬಣ್ಣ ಕಣ್ಣಿಗೆ ಕಾಣದ ನೀರಿನ ಪದರದ ಮೇಲೆ ಕೂರುತ್ತದೆ. ಚೂಪು ಅಂಚು, ರಿವೆಟ್ಟಿನ ತಲೆ ಮತ್ತು ಸಂದುಗಳಲ್ಲಿ ಬಣ್ಣ ತೆಳುವಾಗಿ ನಿಲ್ಲುವುದರಿಂದ, ಅವುಗಳಿಗೆ ಕುಂಚದಿಂದ ಬೇರೆಯಾಗಿ ಒಂದು ಕೈ ಬಳಿದ ನಂತರವೇ ಇಡೀ ಮೈಗೆ ಬಳಿಯಬೇಕು ಎಂಬುದನ್ನೂ ಷರತ್ತಿನಲ್ಲಿ ಸೇರಿಸಿ.

ಕಾಮಗಾರಿಗೆ ಮಂಜೂರಾದ ಹಣದಲ್ಲಿ ಒಂದು ಪಾಲನ್ನು ಮುಂದಿನ ವರ್ಷಗಳ ನಿರ್ವಹಣೆಗೆ ತೆಗೆದಿಡುವ ಪದ್ಧತಿಯೂ ಬರಬೇಕಾಗಿದೆ. ಆ ಹಣದಲ್ಲಿ ಆಗಬೇಕಾದ್ದು ದೊಡ್ಡ ಕೆಲಸವೇನಲ್ಲ: ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಬುಡದ ತರಗೆಲೆ ಗುಡಿಸಿ, ನೀರಿನ ದಾರಿ ಬಿಡಿಸಿ, ಬಣ್ಣ ಎದ್ದ ಕಡೆಗಳನ್ನು ಗುರುತಿಸಿ, ಅಲ್ಲಷ್ಟೇ ಉಜ್ಜಿ ಬಳಿದು, ದಿನಾಂಕ ಹಾಕಿ ಬರೆದಿಡುವುದು. ಸಮೀಕ್ಷೆಯ ನಕ್ಷೆಯನ್ನೂ ಈ ವಾರ್ಷಿಕ ದಾಖಲೆಯನ್ನೂ ಸಾರ್ವಜನಿಕರು ಕೇಳಿದಾಗ ನೋಡಲು ಸಿಗುವಂತೆ ಸ್ಥಳದಲ್ಲೇ ಇಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಒಬ್ಬ ಓದುಗ